ಕಾರು ಶೆಡ್ಡಿಗೂ ಬೇಕು ಮುಯ್ಯಾಳು

ತಿರುವೊಟ್ಟಿಯೂರು (ಚೆನ್ನೈ): ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇವತ್ತು ಎರಡನ್ನೂ ಗುತ್ತಿಗೆಗೆ ಕೊಟ್ಟು ಮುಗಿಸುವುದೇ ರೂಢಿ. ಮದುವೆಗೆ ಕೇಟರಿಂಗ್‌ನವರು, ಮನೆಗೆ ಕಂಟ್ರ್ಯಾಕ್ಟರು. ಮನೆಯವರ ಪಾಲಿಗೆ ಉಳಿಯುವುದು ಬಿಲ್ಲು ಪಾವತಿ ಮಾತ್ರ. ಇಂಥ ಕಾಲದಲ್ಲೂ ಮನೆಯವರು, ನೆಂಟರು, ಸ್ನೇಹಿತರು ಸೇರಿ ತಮ್ಮ ಕೈಯಾರೆ ಮಾಡಿ ಮುಗಿಸಬಹುದಾದ ಒಂದು ಕಟ್ಟಡದ ಕೆಲಸ ಉಳಿದಿದೆ. ಅದು ಮನೆಯ ಪಕ್ಕದಲ್ಲಿ ಬೇರೆಯಾಗಿ ನಿಲ್ಲುವ ಕಾರು ಶೆಡ್ಡು. ಹೊರನಾಡ ಕನ್ನಡಿಗರ ಸಂಘಗಳು ಇದನ್ನು ಯಾರದೋ ಸ್ವಂತ ಮನೆಯ ವಿಷಯವೆಂದು ಬಿಡದೆ ಸಂಘದ ವಿಷಯವಾಗಿ ಎತ್ತಿಕೊಳ್ಳಬೇಕಾಗಿದೆ. ಆದರೆ ಅದಕ್ಕೆ ಕೆಲವು ಕಟ್ಟುಪಾಡುಗಳಿರಬೇಕು. ಅವಿಲ್ಲದೆ ಹೊರಟರೆ ಲಾಭಕ್ಕಿಂತ ಮನಸ್ತಾಪವೇ ಹೆಚ್ಚಾದೀತು.

ಕೊಟ್ಟಿಗೆಯಿಂದ ಶೆಡ್ಡಿಗೆ

ಗ್ಯಾರೇಜು ಎಂದರೆ ಕನ್ನಡಿಗರ ಬಾಯಲ್ಲಿ ಗಾಡಿ ರಿಪೇರಿಯ ಅಂಗಡಿ. ಮನೆಯಲ್ಲಿ ಗಾಡಿ ನಿಲ್ಲಿಸುವ ಜಾಗ ಶೆಡ್ಡು. ಹೆಸರು ಇಂಗ್ಲಿಷಿನದಾದರೂ ವಸ್ತು ಹೊಸದಲ್ಲ. ಊರಿನ ಮನೆಗಳಲ್ಲಿ ದನದ ಕೊಟ್ಟಿಗೆ, ಗಾಡಿ ನಿಲ್ಲಿಸುವ ಮಾಡು, ಸೌದೆ ಕೊಟ್ಟಿಗೆ ಇವೆಲ್ಲ ಮನೆಗೆ ತಾಗದೆ ನಿಲ್ಲುತ್ತಿದ್ದವು. ಇವುಗಳಿಗೆ ಹುಲ್ಲು ಹೊದಿಸುವುದಕ್ಕೆ, ಕಂಬ ಬದಲಿಸುವುದಕ್ಕೆ ಯಾರೂ ಗುತ್ತಿಗೆದಾರನನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಅಕ್ಕಪಕ್ಕದವರು ಬರುತ್ತಿದ್ದರು, ಕೆಲಸ ಮುಗಿಯುತ್ತಿತ್ತು, ಊಟವಾಗುತ್ತಿತ್ತು.

ಈ ಪದ್ಧತಿಗೆ ಹಳೇ ಮೈಸೂರು, ಮಲೆನಾಡು ಕಡೆಯಲ್ಲಿ ಮುಯ್ಯಾಳು ಎಂಬ ಹೆಸರೇ ಇದೆ. ನಾಟಿಯ ಕಾಲದಲ್ಲಿ ಇವರ ಗದ್ದೆಗೆ ಅವರು, ಅವರ ಗದ್ದೆಗೆ ಇವರು. ಕೂಲಿ ಇಲ್ಲ, ಲೆಕ್ಕದ ಪುಸ್ತಕವೂ ಇಲ್ಲ. ಹಾಗೆಂದು ಲೆಕ್ಕವೇ ಇಲ್ಲವೆಂದಲ್ಲ. ಮದುವೆ ಮನೆಯಲ್ಲಿ ಮಾಡಿದ ಮುಯ್ಯಿಯನ್ನು ತೀರಿಸಬೇಕಾದಂತೆ ಮುಯ್ಯಾಳನ್ನೂ ಆಳಾಗಿಯೇ ತೀರಿಸಬೇಕು. ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆ. ಅಮೆರಿಕದ ಆಮಿಷ್ ಪಂಗಡದವರು ಇಂದಿಗೂ ಊರವರೆಲ್ಲ ಸೇರಿ ನೆರೆಯವನ ಕಣಜವನ್ನು ಎತ್ತಿ ನಿಲ್ಲಿಸುವುದು ಇದೇ ಲೆಕ್ಕದ ಮೇಲೆ.

ಶೆಡ್ಡಿನ ಊರು

ಶೆಡ್ಡನ್ನು ಕೀಳಾಗಿ ಕಾಣುವವರು ತಿರುವೊಟ್ಟಿಯೂರಿನ ಚರಿತ್ರೆಯನ್ನೊಮ್ಮೆ ನೋಡಬೇಕು. ತ್ಯಾಗರಾಜಸ್ವಾಮಿ, ವಡಿವುಡೈ ಅಮ್ಮನ ದೇವಸ್ಥಾನಕ್ಕೆ ಹೆಸರಾದ ಈ ಊರಿನಲ್ಲಿ 1946ರಲ್ಲಿ ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ ಅವರು ಒಂದು ಸಣ್ಣ ಶೆಡ್ಡಿನಲ್ಲಿ ಮಕ್ಕಳಾಟದ ಬಲೂನು ತಯಾರಿಸಲು ತೊಡಗಿದರು. ಅದೇ ಮುಂದೆ ಎಂಆರ್‌ಎಫ್ ಟೈರ್ ಕಂಪೆನಿಯಾಗಿ ಬೆಳೆಯಿತು. 1955ರಲ್ಲಿ ಮದ್ರಾಸ್ ಮೋಟರ್ಸ್‌ನವರು ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪಿಸಿದರು. ಬುಲೆಟ್ ಬೈಕಿನ ಕಾರ್ಖಾನೆ ತಲೆಯೆತ್ತಿದ್ದು ಇದೇ ತಿರುವೊಟ್ಟಿಯೂರಿನಲ್ಲಿ. ಸ್ವಲ್ಪ ಉತ್ತರಕ್ಕೆ ಹೋದರೆ ಎಣ್ಣೂರು. ಅಲ್ಲಿ 1948ರಲ್ಲಿ ಆಸ್ಟಿನ್ ಕಾರು ಜೋಡಿಸಲೆಂದು ಆರಂಭವಾದ ಅಶೋಕ್ ಮೋಟರ್ಸ್ ಇಂದಿನ ಅಶೋಕ್ ಲೇಲ್ಯಾಂಡ್. ಅಮೆರಿಕದ ಪಾಲೊ ಆಲ್ಟೊದಲ್ಲಿ ಮನೆಯ ಹಿಂದಿನ ಗ್ಯಾರೇಜಿನಲ್ಲಿ 1939ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಹುಟ್ಟಿದ್ದನ್ನು ಕೊಂಡಾಡುವವರಿಗೆ ಮನೆಯ ಬಾಗಿಲಲ್ಲೇ ಇರುವ ಈ ನಿದರ್ಶನಗಳು ನೆನಪಾಗುವುದು ಕಡಿಮೆ.

ಗಾಡಿ ತಯಾರಿಸಿದ ಊರಿನಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದಿರುವುದು ವಿಪರ್ಯಾಸ. ಹಳೆಯ ಬೀದಿಗಳು ಕಿರಿದು. ಬೀದಿಯಲ್ಲಿ ನಿಂತ ಕಾರಿನಿಂದ ನೆರೆಮನೆಯವರೊಂದಿಗೆ ಜಗಳ, ಆಂಬುಲೆನ್ಸಿಗೆ ಅಡ್ಡಿ. ಮೇಲಾಗಿ ಕಡಲ ಉಪ್ಪುಗಾಳಿ ಗಾಡಿಯ ತಗಡನ್ನು ತಿನ್ನುತ್ತದೆ. ಕಾಂಪೌಂಡಿನೊಳಗೆ ಜಾಗವಿದ್ದವರು ಶೆಡ್ಡು ಕಟ್ಟಿಕೊಳ್ಳುವುದು ಬೀದಿಗೆ ಮಾಡುವ ಉಪಕಾರವೂ ಹೌದು. ಜಾಗವಿಲ್ಲದವರು ಕಾರು ಬೇಕೇ ಎಂದು ಯೋಚಿಸುವುದೂ ತಪ್ಪಲ್ಲ. 2021ರ ಫೆಬ್ರವರಿಯಿಂದ ವಿಮ್ಕೋ ನಗರದವರೆಗೆ ಮೆಟ್ರೋ ರೈಲು ಓಡುತ್ತಿದೆ. ಸ್ಕೂಟರು ಮಾತ್ರ ಇರುವ ಮನೆಗೆ ಇದರ ಅರ್ಧದಷ್ಟು ಶೆಡ್ಡು ಸಾಕು.

ಏಳು ಟನ್ ಕೆಲಸ

ಸ್ನೇಹಿತರೆಲ್ಲ ಸೇರಿದರೆ ಒಂದು ಭಾನುವಾರದ ಆಟ ಎಂದುಕೊಂಡು ಹೊರಟವರು ಮಧ್ಯಾಹ್ನಕ್ಕೇ ಸುಸ್ತಾಗುತ್ತಾರೆ. ಆದ್ದರಿಂದ ಮೊದಲು ಲೆಕ್ಕ ಬೇಕು. ಸಣ್ಣ ಕಾರುಗಳ ಉದ್ದ 4 ಮೀಟರ್ ಒಳಗಿರುತ್ತದೆ. ಬಾಗಿಲು ತೆರೆದು ಇಳಿಯಲು, ಹಿಂದೆ ಮುಂದೆ ಓಡಾಡಲು ಜಾಗ ಸೇರಿಸಿದರೆ 10 ಅಡಿ ಅಗಲ, 18 ಅಡಿ ಉದ್ದದ ಶೆಡ್ಡು ಬೇಕು. ಅಂದರೆ 180 ಚದರ ಅಡಿ. ಚೆನ್ನೈಯ ಲೆಕ್ಕದಲ್ಲಿ ಒಂದು ಗ್ರೌಂಡ್ ಎಂದರೆ 2,400 ಚದರ ಅಡಿ. ಅರ್ಧ ಗ್ರೌಂಡಿನ ನಿವೇಶನ ಇದ್ದವರಿಗೆ ಈ ಶೆಡ್ಡು ಜಾಗದ ಶೇ. 15ನ್ನು ತೆಗೆದುಕೊಳ್ಳುತ್ತದೆ.

ನೆಲಕ್ಕೆ 4 ಇಂಚು ದಪ್ಪ ಕಾಂಕ್ರೀಟು ಹಾಕಿದರೆ 60 ಘನ ಅಡಿ ಆಗುತ್ತದೆ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂದು ಹಿಡಿದರೆ ಸುಮಾರು 14 ಮೂಟೆ ಸಿಮೆಂಟು, 26 ಘನ ಅಡಿ ಮರಳು, 52 ಘನ ಅಡಿ ಜಲ್ಲಿ ಬೇಕು. ಕಲಸಿದ ಮೇಲೆ ಇದರ ತೂಕ 4 ಟನ್. ಆರು ಕಂಬಗಳ ಬುಡಕ್ಕೆ ತಲಾ ಎರಡಡಿ ಉದ್ದ, ಅಗಲ, ಆಳದ ಕಾಂಕ್ರೀಟು ಎಂದರೆ ಇನ್ನೂ 3 ಟನ್‌ಗೂ ಹೆಚ್ಚು. ಒಟ್ಟು ಏಳು ಟನ್ ಮಾಲನ್ನು ಎತ್ತಿ, ಹೊತ್ತು, ಸುರಿದು, ಮಟ್ಟ ಮಾಡಬೇಕು. ಬಾಂಡ್ಲಿಗೆ 15 ಕಿಲೋ ಎಂದು ಹಿಡಿದರೂ ನಾನೂರೈವತ್ತಕ್ಕಿಂತ ಹೆಚ್ಚು ಬಾಂಡ್ಲಿ!

ಇಷ್ಟನ್ನು ಒಂದೇ ದಿನಕ್ಕೆ ತುರುಕಬಾರದು. ಒಂದು ಭಾನುವಾರ ಗುಂಡಿ ತೋಡುವುದು, ಮರುವಾರ ಕಂಬ ನಿಲ್ಲಿಸಿ ಬುಡ ತುಂಬುವುದು, ಆಮೇಲೆ ನೆಲವನ್ನು ಎರಡು ಭಾಗ ಮಾಡಿ ಎರಡು ವಾರ ಹಾಕುವುದು, ಕಡೆಗೆ ಮಾಡು. ಹೀಗೆ ಐದಾರು ಭಾನುವಾರಗಳ ಕೆಲಸ. ಕಲಸಲು ಮಿಕ್ಸರ್ ಯಂತ್ರವನ್ನು ಬಾಡಿಗೆಗೆ ತಂದರೆ ಬೆನ್ನು ಉಳಿಯುತ್ತದೆ. ಹಾಕಿದ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಬೆಳಗ್ಗೆ ಸಂಜೆ ನೀರು ಹಾಕುವ ಈ ಕೆಲಸಕ್ಕೆ ಮನೆಯ ಮಕ್ಕಳು, ಅಜ್ಜ ಅಜ್ಜಿಯರೇ ಸರಿ. ಸಮಯದ ಆಯ್ಕೆಯೂ ಮುಖ್ಯ. ಅಕ್ಟೋಬರಿನಿಂದ ಡಿಸೆಂಬರ್ ಮಳೆಗಾಲ, ಏಪ್ರಿಲಿನಿಂದ ಕಡು ಬಿಸಿಲು. ಪೊಂಗಲ್ ಮುಗಿದ ಮೇಲೆ ಯುಗಾದಿಯವರೆಗೆ ಕೆಲಸಕ್ಕೆ ಒಳ್ಳೆಯ ಕಾಲ.

ಕಡಲು ಹತ್ತಿರವಿದೆಯೆಂದು ಅಲ್ಲಿಂದ ಮರಳು ತರುವ ಯೋಚನೆಯನ್ನು ಯಾರೂ ಮಾಡಬಾರದು. ಅದು ಕಾನೂನಿಗೂ ವಿರುದ್ಧ, ಕಟ್ಟಡಕ್ಕೂ ವಿಷ. ಉಪ್ಪು ಸೇರಿದ ಕಾಂಕ್ರೀಟಿನೊಳಗೆ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡು ಕಂಬವನ್ನೇ ಒಡೆಯುತ್ತದೆ. ಉಪ್ಪು ನೀರಿನ ಬೋರ್‌ವೆಲ್ ಇರುವ ಮನೆಗಳವರು ಕಲಸುವುದಕ್ಕೂ ನೀರುಣಿಸುವುದಕ್ಕೂ ಸಿಹಿನೀರನ್ನೇ ಬಳಸಬೇಕು.

ಗಾಳಿಯ ಲೆಕ್ಕ

ಶೆಡ್ಡಿನ ವಿಷಯದಲ್ಲಿ ಬಹುತೇಕರು ತಪ್ಪುವುದು ಇಲ್ಲಿಯೇ. ಕಂಬ ಇರುವುದು ಮಾಡನ್ನು ಹೊರಲು ಎಂದುಕೊಳ್ಳುತ್ತಾರೆ. 180 ಚದರ ಅಡಿಯ ಲೋಹದ ಶೀಟಿನ ತೂಕ ನೂರು ಕಿಲೋವನ್ನೂ ಮುಟ್ಟುವುದಿಲ್ಲ. ಅದನ್ನು ಹೊರುವುದು ದೊಡ್ಡ ಮಾತಲ್ಲ, ಹಾರದಂತೆ ಹಿಡಿಯುವುದು ದೊಡ್ಡ ಮಾತು. ಭಾರತೀಯ ಮಾನಕದ ಪ್ರಕಾರ ಚೆನ್ನೈಯಲ್ಲಿ ಕಟ್ಟಡಗಳನ್ನು ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ವೇಗದ ಗಾಳಿಯನ್ನು ಲೆಕ್ಕಕ್ಕೆ ಹಿಡಿದು ಕಟ್ಟಬೇಕು. ಆ ವೇಗದಲ್ಲಿ ಒಂದು ಚದರ ಮೀಟರಿಗೆ ಸುಮಾರು 150 ಕಿಲೋ ಒತ್ತಡ. ನಾಲ್ಕೂ ಕಡೆ ತೆರೆದ ಶೆಡ್ಡಿನ ಮಾಡಿನ ಅಡಿಗೆ ಅದು ಪೂರ್ತಿ ಬಿದ್ದರೆ ಎರಡೂವರೆ ಟನ್ ಬಲ ಅದನ್ನು ಮೇಲಕ್ಕೆಳೆಯುತ್ತದೆ. ಕಂಬದ ಬುಡಕ್ಕೆ ಮೂರು ಟನ್ ಕಾಂಕ್ರೀಟು ಬೇಕಾಗುವುದು ಇದೇ ಕಾರಣಕ್ಕೆ.

2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿದಾಗ ಮರಗಳು ಬುಡಮೇಲಾಗಿ ಬಿದ್ದದ್ದು ಯಾರಿಗೂ ಮರೆತಿಲ್ಲ. ಅಂಥ ಗಾಳಿಯಲ್ಲಿ ಸಡಿಲ ಬೋಲ್ಟಿನ ಒಂದು ಶೀಟು ಹಾರಿ ಬೀದಿಯಲ್ಲಿ ಹೋಗುವವರ ಕತ್ತಿಗೆ ಬಡಿದರೆ ಹೊಣೆ ಯಾರು? ಶೀಟಿಗೆ ಹಾಕುವ ಬೋಲ್ಟು, ವಾಷರು ತುಕ್ಕು ಹಿಡಿಯದಂಥವಾಗಿರಬೇಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಎಲ್ಲವನ್ನೂ ಬಿಗಿ ಮಾಡಬೇಕು. ಹಾಗೆಯೇ 2023ರ ಡಿಸೆಂಬರ್ ಮೊದಲ ವಾರದ ಮಿಚಾಂಗ್ ಮಳೆಯಲ್ಲಿ ಎಣ್ಣೂರು ಅಳಿವೆಗೆ ತೈಲ ಸೇರಿ, ಎರ್ಣಾವೂರು ಸುತ್ತಮುತ್ತ ನೆರೆನೀರಿನೊಂದಿಗೆ ಮನೆಗಳೊಳಗೂ ನುಗ್ಗಿದ್ದನ್ನು ನೆನೆದರೆ ಶೆಡ್ಡಿನ ನೆಲ ಎಷ್ಟು ಎತ್ತರವಿರಬೇಕೆಂಬುದೂ ತಿಳಿಯುತ್ತದೆ. ಎತ್ತರಿಸಿದ ನೆಲದ ಇಳಿಜಾರನ್ನು ಕಾಂಪೌಂಡಿನ ಒಳಗೇ ಮುಗಿಸಬೇಕು, ಬೀದಿಗೆ ಚಾಚಬಾರದು.

ಮಾಡಿನ ನೀರು ಪಕ್ಕದ ಮನೆಯ ಗೋಡೆಗೆ ಬೀಳಬಾರದು. ಅದನ್ನು ಕೊಳವೆಯಲ್ಲಿ ಹಿಡಿದು ಇಂಗುಗುಂಡಿಗೆ ಬಿಡಬೇಕು. ಚೆನ್ನೈಯ ವಾರ್ಷಿಕ ಮಳೆ ಸುಮಾರು 1,400 ಮಿ.ಮೀ. ಈ ಪುಟ್ಟ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು 23,000 ಲೀಟರಿಗೆ ಹತ್ತಿರ. ಬೇಸಿಗೆಯಲ್ಲಿ ಲಾರಿ ನೀರಿಗೆ ಕಾಯುವ ಊರಿಗೆ ಇದು ಸಣ್ಣ ಮೊತ್ತವೇ?

ಎಲ್ಲವೂ ಕೈಯಾರೆ ಬೇಡ

ಸ್ವಂತ ಕೆಲಸ ಎಂದರೆ ಎಲ್ಲವನ್ನೂ ಸ್ವಂತವೇ ಮಾಡುವುದು ಎಂಬ ಹುಂಬತನ ಸಲ್ಲದು. ಗುಂಡಿ ತೋಡುವುದು, ಮಾಲು ಸಾಗಿಸುವುದು, ಕಾಂಕ್ರೀಟು ಹಾಕುವುದು, ಬಣ್ಣ ಬಳಿಯುವುದು ಸ್ನೇಹಿತರ ಕೈಗೆ ಬರುವ ಕೆಲಸ. ಕಂಬದ ಅಳತೆ, ಬುಡದ ಆಳ ಇವನ್ನು ಸಿವಿಲ್ ಎಂಜಿನಿಯರ್ ಒಬ್ಬರು ನೋಡಿ ಹೇಳಬೇಕು. ವೆಲ್ಡಿಂಗ್ ಕೆಲಸ ಕಲಿತವರಿಗೇ ಇರಲಿ. ಬ್ಯಾಟರಿ ಸ್ಕೂಟರು, ಬ್ಯಾಟರಿ ಕಾರುಗಳ ಕಾಲದಲ್ಲಿ ಶೆಡ್ಡಿಗೆ ವಿದ್ಯುತ್ ಬೇಕೇ ಬೇಕು. ಮಳೆನೀರು ನಿಲ್ಲುವ ಊರಿನಲ್ಲಿ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹೊರತು ಯಾರೂ ಮುಟ್ಟಬಾರದು.

ಇದರಿಂದ ಬಡ ಕೂಲಿಗಳ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ, ಮೇಸ್ತ್ರಿಯನ್ನು ಬಿಡದೆ ಕರೆಯುವುದು. ಇಲ್ಲಿ ಕೊತ್ತನಾರ್ ಎಂದು ಕರೆಸಿಕೊಳ್ಳುವ ಅನುಭವಿ ಮೇಸ್ತ್ರಿಯೊಬ್ಬರಿಗೆ ಪೂರ್ತಿ ದಿನಗೂಲಿ ಕೊಟ್ಟು, ಅವರ ಮಾತಿನಂತೆ ಎಲ್ಲರೂ ಸಿತ್ತಾಳುಗಳಾಗಿ ದುಡಿಯಬೇಕು. ಆಫೀಸಿನಲ್ಲಿ ಆಜ್ಞೆ ಮಾಡಿ ರೂಢಿಯಾದವರು ಒಂದು ದಿನ ಮೇಸ್ತ್ರಿಯ ಆಜ್ಞೆ ಕೇಳಿದರೆ ನಷ್ಟವೇನಿಲ್ಲ. ಬಿಸಿಲಲ್ಲಿ ಇಪ್ಪತ್ತು ಬಾಂಡ್ಲಿ ಹೊತ್ತವರು ಆಮೇಲೆ ಕೂಲಿಯ ವಿಷಯದಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುವುದಿಲ್ಲ.

ಕಾಗದಪತ್ರದ ವಿಷಯವೂ ಉಂಟು. ತಿರುವೊಟ್ಟಿಯೂರು ಪುರಸಭೆ 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಯೊಳಗೆ ಸೇರಿತು. ಶೆಡ್ಡಿಗೆ ಪಾಲಿಕೆಯ ನಿಯಮ ಅನ್ವಯಿಸುತ್ತದೆ. 2024ರ ಜುಲೈನಲ್ಲಿ ತಮಿಳುನಾಡು ಸರ್ಕಾರ 2,500 ಚದರ ಅಡಿವರೆಗಿನ ನಿವೇಶನದಲ್ಲಿ 3,500 ಚದರ ಅಡಿವರೆಗಿನ ಮನೆಗಳಿಗೆ ಸ್ವಯಂ ದೃಢೀಕರಣದ ಆಧಾರದಲ್ಲಿ ಅನುಮತಿ ಕೊಡುವ ವ್ಯವಸ್ಥೆ ತಂದಿತು. ಇದರಿಂದ ಅಲೆದಾಟ ಕಡಿಮೆಯಾಗಿದೆ, ಆದರೆ ದೃಢೀಕರಿಸಿದವರ ಹೊಣೆ ಹೆಚ್ಚಿದೆ. ಗಡಿಯಿಂದ ಎಷ್ಟು ಜಾಗ ಬಿಡಬೇಕೆಂದು ವಲಯ ಕಚೇರಿಯಲ್ಲಿ ವಿಚಾರಿಸಿಯೇ ಗುದ್ದಲಿ ಎತ್ತಬೇಕು. ಕಡಲ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಮನೆಗಳಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಇವೆ. ಶೆಡ್ಡು ತಾನೇ, ಯಾರು ಕೇಳುತ್ತಾರೆ ಎಂಬ ಉದಾಸೀನ ಹೊರನಾಡಿನಲ್ಲಿ ನೆಲೆಸಿದವರಿಗೆ ಶೋಭೆಯಲ್ಲ. ಪಕ್ಕದ ಮನೆಯ ತಮಿಳರಿಗೆ ಮೊದಲೇ ತಿಳಿಸಿ, ಸಾಧ್ಯವಾದರೆ ಅವರನ್ನೂ ಜೊತೆಗೆ ಕರೆಯುವುದು ಯಾವ ಅನುಮತಿಗಿಂತಲೂ ದೊಡ್ಡದು.

ಯಾರು ಯಾರನ್ನು ಕರೆಯಬಹುದು?

ಮುಯ್ಯಾಳಿನ ಮಾತು ಕೇಳಲು ಚೆಂದ. ಆದರೆ ಹೊರನಾಡ ಕನ್ನಡ ಸಮಾಜದಲ್ಲಿ ಎಲ್ಲರೂ ಒಂದೇ ಮೆಟ್ಟಿಲಲ್ಲಿಲ್ಲ ಎಂಬುದನ್ನು ಮರೆಯಬಾರದು. ಉಡುಪಿ ಕಡೆಯ ಹೋಟೆಲುಗಳು ಈ ನಗರದಲ್ಲಿ ಕನ್ನಡಿಗರಿಗೆ ಹೆಸರು ತಂದವು, ಸಾವಿರಾರು ಹುಡುಗರಿಗೆ ಅನ್ನದ ದಾರಿಯಾದವು. ಆ ಹೋಟೆಲುಗಳಲ್ಲಿ ಮಾಲೀಕರೂ ಕನ್ನಡಿಗರೇ, ಮಾಣಿಗಳೂ ಕನ್ನಡಿಗರೇ. ವಾರಕ್ಕೊಂದು ರಜೆ ಸಿಗುವ ನೌಕರನನ್ನು ಮಾಲೀಕರು ಸ್ನೇಹದ ಹೆಸರಿನಲ್ಲಿ ಶೆಡ್ಡಿನ ಕೆಲಸಕ್ಕೆ ಕರೆದರೆ ಅವನು ಇಲ್ಲ ಎನ್ನಲಾರ. ಅದು ಮುಯ್ಯಾಳಲ್ಲ, ಬಿಟ್ಟಿ ದುಡಿಮೆ. ಊರಿನಲ್ಲಿಯೂ ಜಮೀನ್ದಾರರ ಅಂಗಳಕ್ಕೆ ಒಕ್ಕಲು ಹೋಗುತ್ತಿದ್ದುದುಂಟು, ಒಕ್ಕಲಿನ ಅಂಗಳಕ್ಕೆ ಜಮೀನ್ದಾರರು ಬಂದು ಮಣ್ಣು ಹೊತ್ತದ್ದಿಲ್ಲ. ಆ ಪದ್ಧತಿಯನ್ನು ಚೆನ್ನೈಗೆ ತರುವ ಅಗತ್ಯವಿಲ್ಲ.

ಆದ್ದರಿಂದ ಮೊದಲ ಕಟ್ಟುಪಾಡು ಹೀಗಿರಬೇಕು: ಸಂಬಳ ಕೊಡುವವರು ಸಂಬಳ ಪಡೆಯುವವರನ್ನು ಕರೆಯಬಾರದು. ಎರಡನೆಯದು: ಬಂದವರ ಮನೆಯ ಕೆಲಸಕ್ಕೆ ಕರೆದವರು ಹೋಗಲೇಬೇಕು. ಅದು ಶೆಡ್ಡೇ ಆಗಬೇಕೆಂದಿಲ್ಲ, ಬಾಡಿಗೆ ಮನೆ ಬದಲಿಸುವ ದಿನ ಸಾಮಾನು ಹೊರುವುದೂ ಆಗಬಹುದು. ಸ್ವಂತ ಜಾಗವಿಲ್ಲದವರೂ ಈ ಲೆಕ್ಕದಲ್ಲಿ ಸೇರುವುದು ಹೀಗೆ. ಮೂರನೆಯದು: ಕೆಲಸದ ಜಾಗದಲ್ಲಿ ಯಾರಿಗಾದರೂ ಪೆಟ್ಟಾದರೆ ಆಸ್ಪತ್ರೆಯ ಖರ್ಚು ಮನೆಯವರದು ಎಂದು ಮೊದಲೇ ಬಾಯಿಬಿಟ್ಟು ಹೇಳಿರಬೇಕು. ಕಂಪೆನಿಯ ಸೈಟಿನಲ್ಲಿ ಇರುವ ವಿಮೆ ಸ್ನೇಹಿತರ ಸೈಟಿನಲ್ಲಿ ಇರುವುದಿಲ್ಲ. ಶೂ, ಕೈಗವಸು, ಹೆಲ್ಮೆಟ್ಟು ಇಲ್ಲದವರು ಒಳಗೆ ಬರಬಾರದು. ಸಿಮೆಂಟು ಚರ್ಮವನ್ನು ಸುಡುತ್ತದೆ ಎಂಬುದು ಚಪ್ಪಲಿಯಲ್ಲಿ ಬಂದವರಿಗೆ ಸಂಜೆ ತಿಳಿದರೆ ಪ್ರಯೋಜನವಿಲ್ಲ. ನಾಲ್ಕನೆಯದು: ಹೆಂಗಸರಿಗೆ ಅಡುಗೆ, ಗಂಡಸರಿಗೆ ಗಾರೆ ಎಂಬ ವಿಂಗಡಣೆ ಬೇಡ. ಈ ದೇಶದ ಕಟ್ಟಡಗಳಿಗೆಲ್ಲ ಬಾಂಡ್ಲಿ ಹೊತ್ತವರು ಹೆಂಗಸರೇ. ಮಟ್ಟ ನೋಡುವ, ಅಳತೆ ಹಿಡಿಯುವ ಕೆಲಸ ಅವರಿಗೂ ಸಿಗಲಿ, ಅನ್ನ ಬಡಿಸುವ ಕೆಲಸ ಗಂಡಸರಿಗೂ ಸಿಗಲಿ.

ಭಾಷೆ ಉಳಿಯುವ ಜಾಗ

ಒಂದು ಶೆಡ್ಡಿಗಾಗಿ ಇಷ್ಟು ರಗಳೆ ಏಕೆ, ದುಡ್ಡು ಕೊಟ್ಟರೆ ಒಂದು ವಾರದಲ್ಲಿ ಆಗುವುದಲ್ಲ ಎನ್ನುವವರಿದ್ದಾರೆ. ದುಡ್ಡಿನ ಲೆಕ್ಕದಲ್ಲಿ ಅವರ ಮಾತು ಬಹುಪಾಲು ನಿಜ. ಸಿಮೆಂಟು, ಕಬ್ಬಿಣ, ಶೀಟಿನ ಬೆಲೆ ಯಾರು ಕಟ್ಟಿದರೂ ಅಷ್ಟೇ. ಉಳಿಯುವುದು ಕೂಲಿಯ ಒಂದು ಭಾಗ, ಅದರಲ್ಲೂ ಊಟ ತಿಂಡಿಗೆ ಸ್ವಲ್ಪ ಹೋಗುತ್ತದೆ. ಉಳಿತಾಯ ಒಂದೇ ಉದ್ದೇಶವಾದರೆ ಈ ಕೆಲಸಕ್ಕೆ ಕೈಹಾಕದಿರುವುದೇ ವಾಸಿ.

ಲಾಭವಿರುವುದು ಬೇರೆ ಕಡೆ. ಚೆನ್ನೈಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಎಂದರೆ ಅಡುಗೆಮನೆಯ ಮಾತು, ಇಲ್ಲವೇ ನವೆಂಬರಿನ ವೇದಿಕೆಯ ಮಾತು. ಇವೆರಡರ ನಡುವೆ ಇರುವ ದುಡಿಮೆಯ ಕನ್ನಡ ಅವರ ಕಿವಿಗೆ ಬೀಳುವುದೇ ಇಲ್ಲ. ಹಾರೆ, ಪಿಕಾಸಿ, ಸನಿಕೆ, ತೂಗುಗುಂಡು, ಮಟ್ಟ, ಪಾಯ, ಜಲ್ಲಿ ಈ ಮಾತುಗಳನ್ನು ಭಾಷಣದಿಂದ ಕಲಿಸಲಾಗದು. ಸ್ವಲ್ಪ ಈ ಕಡೆ ಎಳಿ, ಹಗ್ಗ ಬಿಗಿ ಮಾಡು, ಕಂಬ ವಾಲಿದೆ ನೋಡು ಎಂದು ಕೂಗಿ ಹೇಳುವ ಅಗತ್ಯ ಬಂದಾಗ ಭಾಷೆ ತಾನಾಗಿ ಬಾಯಿಗೆ ಬರುತ್ತದೆ. ಸಂಘದ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಮೊಬೈಲು ನೋಡುವ ಹುಡುಗರು ಕಂಬ ನಿಲ್ಲಿಸುವ ದಿನ ಮುಂದಿನ ಸಾಲಿಗೆ ಬರುತ್ತಾರೆ. ಕೆಲಸ ಬಲ್ಲ ಹಿರಿಯರಿಗೆ ಕುರ್ಚಿ, ಶಾಲು, ಹಾರ ಕೊಟ್ಟು ಕೂರಿಸುವುದಕ್ಕಿಂತ ಅವರ ಕೈಗೆ ಮಟ್ಟಗೋಲು ಕೊಟ್ಟು ಸಲಹೆ ಕೇಳುವುದು ದೊಡ್ಡ ಸನ್ಮಾನ.

ಸಂಘಗಳು ಮಾಡಬಹುದಾದ್ದು

ಸಂಘಗಳಿಗೆ ಇದರಿಂದ ಹೆಚ್ಚಿನ ಖರ್ಚೇನೂ ಇಲ್ಲ. ಎರಡು ಹಾರೆ, ನಾಲ್ಕು ಸನಿಕೆ, ಹತ್ತು ಬಾಂಡ್ಲಿ, ಒಂದು ಡ್ರಿಲ್ಲಿಂಗ್ ಮೆಷಿನ್, ಒಂದು ಒಳ್ಳೆಯ ಏಣಿ, ಹತ್ತು ಹೆಲ್ಮೆಟ್ಟು, ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಇವನ್ನು ಕೊಂಡು ಸಂಘದ ಕೋಣೆಯಲ್ಲಿ ಇಟ್ಟು, ಪುಸ್ತಕದಲ್ಲಿ ಬರೆದು ಸದಸ್ಯರಿಗೆ ಎರವಲು ಕೊಡಬಹುದು. ಗ್ರಂಥಾಲಯಕ್ಕೆ ಕಪಾಟು ಇರುವಂತೆ ಹತ್ಯಾರಕ್ಕೂ ಒಂದು ಕಪಾಟು. ಸದಸ್ಯರಲ್ಲಿ ಎಂಜಿನಿಯರು ಯಾರು, ಎಲೆಕ್ಟ್ರಿಷಿಯನ್ ಯಾರು, ಮರಗೆಲಸ ಬಲ್ಲವರು ಯಾರು ಎಂಬ ಪಟ್ಟಿಯಿರಲಿ. ಯಾರು ಯಾರಿಗೆ ಎಷ್ಟು ದಿನ ದುಡಿದರು ಎಂಬ ಮುಯ್ಯಿ ಪುಸ್ತಕವೊಂದಿರಲಿ. ಅದನ್ನು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಓದಿ ಹೇಳಲಿ.

ಮೊದಲ ಶೆಡ್ಡು ಅಧ್ಯಕ್ಷರ ಮನೆಯದಾಗಬಾರದು, ಕಾರ್ಯದರ್ಶಿಯವರ ಮನೆಯದೂ ಆಗಬಾರದು. ಆಟೋ ಓಡಿಸಿ ಬದುಕುವ ಸದಸ್ಯರೊಬ್ಬರ ಆಟೋ ರಾತ್ರಿ ಮಳೆಯಲ್ಲಿ ನಿಲ್ಲುತ್ತಿದ್ದರೆ ಅವರ ಮನೆಯಿಂದಲೇ ಆರಂಭವಾಗಲಿ. ಅಂದು ಪದಾಧಿಕಾರಿಗಳು ಉದ್ಘಾಟನೆಯ ರಿಬ್ಬನ್ ಕತ್ತರಿಸಲು ಬರದೆ ಬೆಳಗ್ಗೆ ಏಳಕ್ಕೇ ಬಂದು ಬಾಂಡ್ಲಿ ಹಿಡಿದರೆ, ಅನಂತರ ಯಾರ ಮನೆಯ ಕೆಲಸಕ್ಕೆ ಕರೆದರೂ ಜನ ಬರುತ್ತಾರೆ ಎಂಬುದರಲ್ಲಿ ಎರಡು ಮಾತಿಲ್ಲ.